ಹಸನನ ಸೆಕೆಂಡ್‌ಹ್ಯಾಂಡ್ ಕೋಟೆ

ನಮ್ಮ ಕಲಬುರಗಿ ಕೋಟೆ ನೀವೆಲ್ಲ ನೋಡೇ ಇರ್ತೀರಿ. ಅದನ್ನು ರಾಜಧಾನಿ ಮಾಡಿದ ಹಸನ್‌ನ ಕಥೆ ಶುರುವಾಗೋದು ಮಾತ್ರ ದೆಹಲಿಯಲ್ಲಿ, ಇನ್ನೊಬ್ಬರ ಹೊಲದಿಂದ.

ಫಿರಿಶ್ತಾ ಬರೆದ ಪ್ರಕಾರ ಹಸನ್ ಹತ್ತಿರ ರೊಕ್ಕ ಇರಲಿಲ್ಲ. ಗಂಗು ಅನ್ನೋ ಬ್ರಾಹ್ಮಣ ಜೋಯಿಸರು ಒಂದು ತುಂಡು ಜಮೀನು, ಒಂದು ಜೋಡಿ ಎತ್ತು ಕೊಟ್ಟರಂತೆ. ಉಳುವಾಗ ನೇಗಿಲಿಗೆ ಬಂಗಾರದ ನಾಣ್ಯ ತುಂಬಿದ ಪಾತ್ರೆ ಸಿಕ್ಕಿತು. ಹಸನ್ ಅದನ್ನು ತಾನಿಟ್ಟುಕೊಳ್ಳದೆ ಸೀದಾ ಗಂಗುಗೆ ಒಯ್ದು ಕೊಟ್ಟ. ಕಥೆ ಚೆನ್ನಾಗಿದೆ, ಆದರೆ ಫಿರಿಶ್ತಾ ಇದನ್ನು ಬರೆದದ್ದು ಎರಡೂವರೆ ಶತಮಾನ ಆದಮೇಲೆ. ಇತಿಹಾಸಕಾರರು ಅಷ್ಟಾಗಿ ನಂಬಲ್ಲ. ಹಸನ್‌ನ ನಾಣ್ಯಗಳಲ್ಲಿರೋದು ಬಹಮನ್ ಶಾ ಅನ್ನೋ ಹೆಸರು. ಆದರೂ ನನಗೆ ಗಂಗು ಇಷ್ಟ. ಗ್ಯಾರಂಟಿ ಕೇಳದೆ ಎತ್ತು ಕೊಡೋರು ಎಲ್ಲಿ ಸಿಗ್ತಾರೆ?

ಗ್ಯಾರಂಟಿಯಾಗಿ ಗೊತ್ತಿರೋದು ಇಷ್ಟು. ಹಸನ್ ಮುಹಮ್ಮದ್ ಬಿನ್ ತುಘಲಕ್‌ನ ಸೈನ್ಯದಲ್ಲಿದ್ದ, ಜಫರ್ ಖಾನ್ ಅನ್ನೋ ಬಿರುದಿತ್ತು. ದಖನ್ನಿನ ಅಮೀರರು ದಂಗೆ ಎದ್ದಾಗ ಅವರ ಜೊತೆ ಸೇರಿದ. ಸುಲ್ತಾನ ಸ್ವತಃ ದೌಲತಾಬಾದಿಗೆ ಬಂದು ಅವರನ್ನು ಸೋಲಿಸಿದ. ಅವರ ನಾಯಕ ಇಸ್ಮಾಯಿಲ್ ಕೋಟೆಯೊಳಗೆ ಸಿಕ್ಕಿಬಿದ್ದ. ಹಸನ್ ಹೊರಗೆ ತಪ್ಪಿಸಿಕೊಂಡು ಈ ಕಡೆ ಬಂದು ಮತ್ತೆ ಜನ ಕೂಡಿಸಿದ. ಅಷ್ಟರಲ್ಲಿ ಗುಜರಾತಿನಲ್ಲಿ ಇನ್ನೊಂದು ದಂಗೆ, ಸುಲ್ತಾನ ಅಲ್ಲಿಗೆ ಓಡಬೇಕಾಯ್ತು. ಹಸನ್ ದೆಹಲಿಯ ಸೇನಾಪತಿಯನ್ನು ಸೋಲಿಸಿದ. ಇಸ್ಮಾಯಿಲ್ ತಾನಾಗಿ ಪಟ್ಟ ಬಿಟ್ಟುಕೊಟ್ಟ. 1347ರ ಆಗಸ್ಟ್ 3ರಂದು ಹಸನ್ ಸುಲ್ತಾನನಾದ.

ಲೊಕೇಶನ್ ವಿಷಯಕ್ಕೆ ಬರೋಣ. ದೌಲತಾಬಾದ್ ಭಾರಿ ಗಟ್ಟಿ ಕೋಟೆ, ಆದರೆ ದೆಹಲಿ ಸೈನ್ಯ ಬರೋ ದಾರಿಯಲ್ಲೇ ಇತ್ತು. ಹಸನ್ ಇನ್ನೂ ದಕ್ಷಿಣಕ್ಕೆ, ಕಲಬುರಗಿಗೆ ಬಂದ. ಇಲ್ಲೂ ಖಾಲಿ ಸೈಟ್ ಹುಡುಕಲಿಲ್ಲ. ರಾಜಾ ಗುಲ್‌ಚಂದ್ ಕಟ್ಟಿಸಿದ್ದು ಅಂತ ಹೇಳೋ ಹಳೆ ಕೋಟೆ ಇತ್ತು, ಅದನ್ನೇ ರಿಪೇರಿ ಮಾಡಿಸಿ ಗಟ್ಟಿ ಮಾಡಿದ. ಸಿವಿಲ್‌ನವರು ಇದನ್ನ ರೆಟ್ರೋಫಿಟಿಂಗ್ ಅಂತಾರೆ! ರಾಜ್ಯವನ್ನು ಕಲಬುರಗಿ, ದೌಲತಾಬಾದ್, ಬೀದರ್, ಬೇರಾರ್ ಅಂತ ನಾಲ್ಕು ತರಫ್ ಮಾಡಿದ.

ಅವನಿಗೆ ಸಿಕ್ಕಿದ್ದು ಹನ್ನೊಂದು ವರ್ಷಕ್ಕೂ ಕಡಿಮೆ. 1358ರಲ್ಲಿ ತೀರಿಕೊಂಡ. ಕೋಟೆಯೊಳಗಿನ ಜಾಮಿ ಮಸೀದಿ 1367ರದು, ಹಸನ್ ಅದನ್ನು ನೋಡಲೇ ಇಲ್ಲ. ಅವನ ಗೋರಿ ಕೋಟೆ ಹತ್ತಿರವೇ ಇದೆ, ಓರೆ ಗೋಡೆ, ತಗ್ಗಾದ ಗುಮ್ಮಟ, ತುಂಬಾ ಸಾದಾ. ಮುಂದೆ ಅದೇ ವಂಶದ ಅಹಮದ್ ಶಾ ರಾಜಧಾನಿಯನ್ನು ಬೀದರ್‌ಗೆ ಒಯ್ದ. ಈಗ ಬೀದರ್ ಬಸ್ ಹತ್ತಿದರೆ ಕಮಲಾಪುರ ದಾಟಿಯೇ ಹೋಗಬೇಕು, ಅಲ್ಲಿಯ ಕೆಂಪು ಬಾಳೆಹಣ್ಣು ತಗೊಳ್ಳೋದು ಮರೀಬೇಡಿ.