ಚರ್ಚಿಲ್ ಬೆಂಗಳೂರಲ್ಲಿ ಉಳಿಸಿದ 13 ರೂಪಾಯಿ ಎಲ್ಲರಿಗೂ ಗೊತ್ತು. ಅವನ ಜಾರಿದ ಭುಜ ಮತ್ತು ಪಿಸ್ತೂಲಿನ ಕಥೆ ಗೊತ್ತಾ?

ಈ ಫಾರ್ವರ್ಡ್ ನಿಮ್ಮ ಗ್ರೂಪಿಗೂ ಬಂದಿರುತ್ತದೆ: ಬ್ರಿಟನ್ನಿನ ಪ್ರಧಾನಿಯಾಗಿದ್ದ ವಿನ್‌ಸ್ಟನ್ ಚರ್ಚಿಲ್ ಬೆಂಗಳೂರು ಕ್ಲಬ್ಬಿನಲ್ಲಿ ವಿಸ್ಕಿ ಕುಡಿದು 13 ರೂಪಾಯಿ ಬಾಕಿ ಇಟ್ಟು ಓಡಿಹೋದ!

ಬಾಕಿ ಇಟ್ಟಿದ್ದು ನಿಜ. ರೆಸಿಡೆನ್ಸಿ ರಸ್ತೆಯ ಆ ಕ್ಲಬ್ಬಿನ ಹೆಸರು ಆಗ ಬ್ಯಾಂಗಲೋರ್ ಯುನೈಟೆಡ್ ಸರ್ವಿಸ್ ಕ್ಲಬ್. ಅಲ್ಲಿನ ಕಡತದಲ್ಲಿ 1899ರ ಜೂನ್ 1ರ ತಾರೀಖಿನಲ್ಲಿ, ವಸೂಲಾಗದ ಬಾಕಿ ಎಂದು ಕೈಬಿಟ್ಟ 17 ಜನರ ಪಟ್ಟಿ ಇದೆ. ಅದರಲ್ಲಿ ಲೆಫ್ಟಿನೆಂಟ್ ಚರ್ಚಿಲ್ ಹೆಸರಿನ ಮುಂದೆ 13 ರೂಪಾಯಿ ಎಂದಿದೆ. ಆದರೆ ವಿಸ್ಕಿ ಎಂದು ಬರೆದಿಲ್ಲ. ಅದು ಫಾರ್ವರ್ಡ್ ಮಾಡಿದವರು ಸೇರಿಸಿದ ಒಗ್ಗರಣೆ. ಓಡಿಹೋಗಿದ್ದೂ ಅಲ್ಲ. ಆ ವರ್ಷದ ಮಾರ್ಚ್‌ನಲ್ಲೇ ಅವನು ಸೇನೆ ಬಿಡಲು ತೀರ್ಮಾನಿಸಿ ಊರು ಬಿಟ್ಟಿದ್ದ.

ಅದಕ್ಕಿಂತ ಕುತೂಹಲದ ಕಥೆ ಬೇರೆ ಇದೆ. ಸ್ವಂತ ರಕ್ಷಣೆಗೆ ಒಂದು ಚಿಕ್ಕ ಗನ್ ಇಟ್ಟುಕೊಂಡರೆ ಹೇಗೆ, ಯಾವುದು ಒಳ್ಳೆಯದು ಎಂದು ಈಗ ಬಹಳ ಜನ ಕೇಳುತ್ತಾರೆ. ಕಂಟೋನ್ಮೆಂಟಿನಲ್ಲಿದ್ದ ಈ ಹುಡುಗ ಆ ಪ್ರಶ್ನೆಗೆ ಉತ್ತರ ಹುಡುಕಬೇಕಾಗಿ ಬಂದದ್ದು ಭುಜ ಜಾರಿದ್ದರಿಂದ.

ಬಂದರಿನಲ್ಲಿ ಆದ ಎಡವಟ್ಟು

ಚರ್ಚಿಲ್ ಹುಟ್ಟಿದ್ದು 1874ರ ನವೆಂಬರ್ 30ರಂದು. ಅಪ್ಪ ದೊಡ್ಡ ರಾಜಕಾರಣಿ, ಅಮ್ಮ ಅಮೆರಿಕದವಳು. ಓದಿನಲ್ಲಿ ಅಷ್ಟಕ್ಕಷ್ಟೆ. ಸ್ಯಾಂಡ್‌ಹರ್ಸ್ಟ್ ಸೈನಿಕ ಶಾಲೆಯ ಪ್ರವೇಶ ಪರೀಕ್ಷೆ ಪಾಸಾಗಿದ್ದು ಮೂರನೇ ಪ್ರಯತ್ನದಲ್ಲಿ. 1895ರಲ್ಲಿ 4ನೇ ಹುಸ್ಸಾರ್ಸ್ ಎಂಬ ಕುದುರೆ ದಳಕ್ಕೆ ಸೇರಿದ. ಮುಂದಿನ ವರ್ಷ ಆ ದಳಕ್ಕೆ ಬೆಂಗಳೂರಿಗೆ ಹೋಗಲು ಆಜ್ಞೆ ಬಂತು.

1896ರ ಅಕ್ಟೋಬರ್‌ನಲ್ಲಿ ಹಡಗು ಬೊಂಬಾಯಿ ತಲುಪಿತು. ದಡಕ್ಕೆ ಹೋಗುವ ಆತುರದಲ್ಲಿ ಅವನು ಸಣ್ಣ ದೋಣಿ ಹತ್ತಿ ಸಸೂನ್ ಡಾಕ್‌ಗೆ ಬಂದ. ಗೋಡೆಯಲ್ಲಿದ್ದ ಕಬ್ಬಿಣದ ಬಳೆಯನ್ನು ಬಲಗೈಯಿಂದ ಹಿಡಿದದ್ದೇ ತಡ, ಅಲೆಯ ಜೊತೆ ದೋಣಿ ಕೆಳಗಿಳಿಯಿತು. ಕೈ ಮೇಲೆ, ಮೈ ಕೆಳಗೆ. ಭುಜ ಜಾರಿತು. ಆಗ ಅವನಿಗೆ 21 ವರ್ಷ.

ಇಲ್ಲಿ ಸ್ವಲ್ಪ ನಿಂತು ಭುಜದ ವಿಷಯ ನೋಡೋಣ, ಏಕೆಂದರೆ ಮುಂದಿನದ್ದೆಲ್ಲ ಇದರ ಮೇಲೇ ನಿಂತಿದೆ. ಸೊಂಟದ ಕೀಲು ಆಳವಾದ ಬಟ್ಟಲಿನಲ್ಲಿ ಕೂತಿರುತ್ತದೆ. ಭುಜದ ಬಟ್ಟಲಿಗೆ ಅಷ್ಟು ಆಳವಿಲ್ಲ. ಸಾಸರ್ ಮೇಲೆ ನಿಂಬೆಹಣ್ಣು ಇಟ್ಟಂತೆ. ಆದ್ದರಿಂದಲೇ ಕೈಯನ್ನು ಎಲ್ಲ ದಿಕ್ಕಿಗೂ ತಿರುಗಿಸಬಹುದು, ಮತ್ತು ಆದ್ದರಿಂದಲೇ ಅದು ಬೇಗ ಜಾರುತ್ತದೆ. ಸಾಸರ್‌ನ ಸುತ್ತ ಮೆತ್ತನೆಯ ಅಂಚೊಂದಿದೆ. ಭುಜ ಮುಂದಕ್ಕೆ ಜಾರಿದಾಗ ಅದು ಹರಿಯುವುದುಂಟು. ಹರಿದದ್ದು ಸರಿಯಾಗಿ ಕೂಡದಿದ್ದರೆ ಭುಜ ಮತ್ತೆ ಮತ್ತೆ ಜಾರುತ್ತದೆ. ಚಿಕ್ಕ ವಯಸ್ಸಿನಲ್ಲಿ ಮೊದಲ ಸಲ ಜಾರಿದವರಿಗೆ ಈ ಕಾಟ ಹೆಚ್ಚು. ಬ್ಯಾಂಕಾರ್ಟ್ ಎಂಬ ಇಂಗ್ಲಿಷ್ ಶಸ್ತ್ರವೈದ್ಯ ಈ ಹರಿತದ ಬಗ್ಗೆ, ಅದನ್ನು ಹೊಲಿಯುವ ಬಗ್ಗೆ ಬರೆದದ್ದು 1923ರಲ್ಲಿ. ಚರ್ಚಿಲ್‌ಗೆ ಪೆಟ್ಟಾದಾಗ ಎಕ್ಸ್-ರೇ ಕಂಡುಹಿಡಿದು ಒಂದು ವರ್ಷವೂ ತುಂಬಿರಲಿಲ್ಲ.

(ನಮ್ಮಲ್ಲಿ ಭುಜ ಜಾರಿದರೆ ಮೊದಲು ನೆನಪಾಗುವುದು ಪುತ್ತೂರು ಕಟ್ಟು. ಯಾರೇ ಎಳೆದು ಕೂರಿಸುವ ಮೊದಲು ಎಕ್ಸ್-ರೇ ಆಗಬೇಕು. ಮೂಳೆ ಮುರಿದಿದ್ದರೆ ಎಳೆತದಿಂದ ನರ, ರಕ್ತನಾಳಕ್ಕೆ ಪೆಟ್ಟಾಗಬಹುದು. ಕೈ ಜೋಮು ಹಿಡಿದರೆ, ತಣ್ಣಗಾದರೆ ಒಂದು ನಿಮಿಷವೂ ಕಾಯಬೇಡಿ, ಆಸ್ಪತ್ರೆಗೆ ಹೋಗಿ.)

ಹೀಗೆ ಸಡಿಲಾದ ಭುಜಕ್ಕೆ ಅತ್ಯಂತ ಅಪಾಯದ ಭಂಗಿ ಯಾವುದು? ಕೈ ಮೇಲೆತ್ತಿ ಹಿಂದಕ್ಕೆ ತಿರುಗಿಸುವುದು. ಕುದುರೆ ಮೇಲೆ ಕೂತು ಕತ್ತಿ ಬೀಸುವವನು ಮಾಡುವುದು ಸರಿಯಾಗಿ ಅದನ್ನೇ.

ರೋಜಾ ತೋಟದ ಬಂಗಲೆ

1809ರಲ್ಲಿ ಶುರುವಾದ ಬೆಂಗಳೂರು ಕಂಟೋನ್ಮೆಂಟ್ ಆಗ ಪೇಟೆಯಿಂದ ಬೇರೆಯೇ ಆದ ಒಂದು ಊರು. ಹಲಸೂರು ಕೆರೆಯ ಸುತ್ತಮುತ್ತ ಸೇನೆಯ ಸಾಲುಗಳು. ಶಿವಾಜಿನಗರಕ್ಕೆ ಬ್ಲ್ಯಾಕ್‌ಪಲ್ಲಿ ಎಂಬ ಹೆಸರು. ಇಂದಿರಾನಗರ ಹುಟ್ಟಲು ಇನ್ನೂ ಮುಕ್ಕಾಲು ಶತಮಾನ ಬೇಕಿತ್ತು. ಕೆ.ಆರ್. ಪುರ ದೂರದ ಹಳ್ಳಿ. ಇನ್‌ಫಂಟ್ರಿ ರಸ್ತೆ, ಬ್ರಿಗೇಡ್ ರಸ್ತೆ ಎಂಬ ಹೆಸರುಗಳು ಆ ಕಾಲದ ಗುರುತು. ಈಗ ಕಾಮರಾಜ ರಸ್ತೆ ಎನ್ನುವುದು ಕ್ಯಾವಲ್ರಿ ರಸ್ತೆಯಾಗಿತ್ತು.

ಚರ್ಚಿಲ್ ಇಬ್ಬರು ಗೆಳೆಯರ ಜೊತೆ ಒಂದು ಬಂಗಲೆಯಲ್ಲಿದ್ದ. ಸುತ್ತ ರೋಜಾ ತೋಟ, ಕೈಗೊಬ್ಬ ಕಾಲಿಗೊಬ್ಬ ಆಳು. ಬೆಳಗ್ಗೆ ಕವಾಯತು, ಮಧ್ಯಾಹ್ನ ಓದು, ಸಂಜೆ ಪೋಲೋ. ಚಿಟ್ಟೆ ಸಂಗ್ರಹಿಸಿದ, ಇಲಿ ತಿಂದುಹಾಕಿತು. ಶಾಲೆಯಲ್ಲಿ ಓದದಿದ್ದ ಇತಿಹಾಸ, ತತ್ವಶಾಸ್ತ್ರದ ಪುಸ್ತಕಗಳನ್ನು ಅಮ್ಮನಿಂದ ತರಿಸಿಕೊಂಡು ಓದಿದ. ಸಂಬಳ ಸಾಲದೆ ಲೇವಾದೇವಿಯವರ ಹತ್ತಿರ ಸಾಲ ಮಾಡಿದ. ಪೋಲೋ ಮಾತ್ರ ಬಿಡಲಿಲ್ಲ; ಮೇಲ್ತೋಳನ್ನು ಪಟ್ಟಿಯಿಂದ ಮೈಗೆ ಬಿಗಿದುಕೊಂಡು ಆಡಿದ.

1897ರಲ್ಲಿ ವಾಯವ್ಯ ಗಡಿಯ ಮಲಕಂಡ್‌ನಲ್ಲಿ ಪಠಾಣರ ಜೊತೆ ಕಾಳಗ ಶುರುವಾಯಿತು. ಹೆಸರು ಮಾಡುವ ಹಂಬಲದಲ್ಲಿ ರಜೆ ಹಾಕಿ ಹೊರಟ. ಬೆಂಗಳೂರಿನಿಂದ ನೌಶೇರಾಕ್ಕೆ ರೈಲಿನಲ್ಲಿ 2,028 ಮೈಲಿ, ಐದು ದಿನ. ಸೆಪ್ಟೆಂಬರ್ 16ರಂದು ಒಂದು ಸಣ್ಣ ತುಕಡಿಯ ಜೊತೆ ಹಿಮ್ಮೆಟ್ಟುವಾಗ, ಗಾಯಗೊಂಡು ಬಿದ್ದ ಅಧಿಕಾರಿಯನ್ನು ಒಬ್ಬ ಪಠಾಣ ಕತ್ತಿಯಿಂದ ಕಡಿಯುವುದನ್ನು ಕಂಡ. ತಾನೂ ಕತ್ತಿ ಹಿರಿಯಲು ಹೊರಟು, ಮನಸ್ಸು ಬದಲಿಸಿ ರಿವಾಲ್ವರ್ ತೆಗೆದು ಹಾರಿಸಿದ. ಗುಂಡು ತಗಲಿತೋ ಇಲ್ಲವೋ ಅವನಿಗೇ ಗೊತ್ತಾಗಲಿಲ್ಲ. ಆಮೇಲೆ ಆ ದಿನ ರೈಫಲ್ ಹಿಡಿದ. ಕೈಗನ್ನಿನ ಬಗ್ಗೆ ಸಿನಿಮಾ ಹೇಳದ ಮಾತು ಇದು. ಎದೆ ಹೊಡೆದುಕೊಳ್ಳುವಾಗ, ಓಡುವಾಗ, ಹತ್ತಿರದ ಗುರಿಯೂ ತಪ್ಪುತ್ತದೆ.

ಪೊರಕೆ ಹಿಡಿಯ ಪಿಸ್ತೂಲು

ಮುಂದಿನ ವರ್ಷ ಸುಡಾನ್ ಯುದ್ಧಕ್ಕೆ ಹೋಗಲು ಶಿಫಾರಸು ಮಾಡಿಸಿಕೊಂಡ. ಈ ಸಲ ಸಿದ್ಧತೆ ಬೇರೆಯಾಗಿತ್ತು. ಲಂಡನ್ನಿನ ವೆಸ್ಟ್‌ಲಿ ರಿಚರ್ಡ್ಸ್ ಅಂಗಡಿಯಿಂದ ಮೌಸರ್ ಪಿಸ್ತೂಲು ಕೊಂಡ. ಜರ್ಮನಿಯಲ್ಲಿ 1896ರಲ್ಲಿ ತಯಾರಾಗತೊಡಗಿದ ಹೊಸ ಯಂತ್ರ ಅದು. ಮಾಮೂಲಿ ರಿವಾಲ್ವರ್‌ಗೆ ಆರು ಗುಂಡು, ಇದಕ್ಕೆ ಹತ್ತು. ಒಂದು ಹಾರಿದ ಕೂಡಲೇ ಮುಂದಿನದು ತಾನೇ ಕೂರುತ್ತದೆ. ಹಿಡಿ ಪೊರಕೆಯ ಕಡ್ಡಿಯಂತೆ ದುಂಡಗೆ ಇದ್ದುದರಿಂದ ಆ ಅಡ್ಡಹೆಸರೂ ಬಂತು.

ಆದರೆ ಇದು ಜೇಬಿನಲ್ಲಿ ಅಡಗುವ ಚಿಕ್ಕ ಗನ್ ಅಲ್ಲ. ಸುಮಾರು 30 ಸೆಂಟಿಮೀಟರ್ ಉದ್ದ, ಒಂದು ಕಿಲೋಗಿಂತ ಹೆಚ್ಚು ಭಾರ. ಚರ್ಚಿಲ್ ಲೆಕ್ಕ ಹಾಕಿದ್ದು ತನ್ನ ಭುಜ ಏನು ಮಾಡಬಲ್ಲದು ಎಂಬುದನ್ನು. ಪಿಸ್ತೂಲು ಹಿಡಿದ ಕೈ ಮುಂದಕ್ಕೆ ಚಾಚುತ್ತದೆ, ಮೇಲೆತ್ತಿ ಹಿಂದಕ್ಕೆ ತಿರುಗುವುದಿಲ್ಲ. ಕೊಂಡು ಸುಮ್ಮನಿರಲಿಲ್ಲ, ನೈಲ್ ನದಿಯ ಉದ್ದಕ್ಕೂ ಪ್ರಯಾಣ ಮಾಡುತ್ತಾ ಅಭ್ಯಾಸ ಮಾಡಿದ.

1898ರ ಸೆಪ್ಟೆಂಬರ್ 2, ಓಮ್ದುರ್ಮನ್. 21ನೇ ಲ್ಯಾನ್ಸರ್ಸ್ ದಳದ ಮುನ್ನೂರಕ್ಕೂ ಹೆಚ್ಚು ಸವಾರರು ಎದುರಿಗೆ ಕಂಡ ಸ್ವಲ್ಪ ಜನರ ಮೇಲೆ ನುಗ್ಗಿದರು. ಹತ್ತಿರ ಹೋದಾಗ ಒಣಗಿದ ಹಳ್ಳದಲ್ಲಿ ಅಡಗಿದ್ದ ಸಾವಿರಾರು ಜನ ಎದ್ದರು. ಚರ್ಚಿಲ್ ಓಡುವ ಕುದುರೆಯ ಮೇಲೇ ಕತ್ತಿಯನ್ನು ಒರೆಗೆ ಹಾಕಿ ಮೌಸರ್ ತೆಗೆದ. ಎರಡು ನಿಮಿಷದಲ್ಲಿ ಎಲ್ಲ ಮುಗಿಯಿತು. ದಳದ 21 ಮಂದಿ ಸತ್ತರು; ಅವನಿಗೆ ಗೀರೂ ಆಗಲಿಲ್ಲ.

ಪಿಸ್ತೂಲು ಅವನನ್ನು ಉಳಿಸಿತು ಎನ್ನುವುದು ಇಲ್ಲಿಂದ ಹುಟ್ಟಿದ ಮಾತು. ಆ ಎರಡು ನಿಮಿಷದ ಮಟ್ಟಿಗೆ ಒಪ್ಪಬಹುದು. ಆದರೆ ಅದೇ ದಿನ ಅದೇ ಬಯಲಿನಲ್ಲಿ ಮ್ಯಾಕ್ಸಿಮ್ ಮೆಷಿನ್ ಗನ್ನು, ಫಿರಂಗಿಗಳ ಮುಂದೆ ಸುಮಾರು ಹತ್ತು ಸಾವಿರ ಸುಡಾನಿಗಳು ಸತ್ತರು. ಅವರಿಗೇನು ಧೈರ್ಯ ಕಡಿಮೆ ಇರಲಿಲ್ಲ.

ಹಾಗಾದರೆ ಚಿಕ್ಕ ಗನ್?

ಅಂಗೈಯಗಲದ ಗನ್ನಿಗೆ ಒಂದು ಭೌತಶಾಸ್ತ್ರದ ಸಮಸ್ಯೆ ಇದೆ. ಗುಂಡು ಮುಂದೆ ಹೋದಷ್ಟೇ ಸಂವೇಗ ಗನ್ನಿಗೆ ಹಿಂದಕ್ಕೆ ಸಿಗುತ್ತದೆ. ಒಂದೇ ತೋಟಾವನ್ನು ಅರ್ಧ ತೂಕದ ಗನ್ನಿನಿಂದ ಹಾರಿಸಿದರೆ ಅದು ಎರಡು ಪಟ್ಟು ವೇಗದಲ್ಲಿ ಒದೆಯುತ್ತದೆ, ಒದೆತದ ಶಕ್ತಿಯೂ ಎರಡು ಪಟ್ಟು. ಜೊತೆಗೆ ನಳಿಗೆ ಗಿಡ್ಡವಾದಷ್ಟೂ ಗುರಿ ನೋಡುವ ಎರಡು ಕುಡಿಗಳ ನಡುವಿನ ಅಂತರ ಕಡಿಮೆ. ಕಣ್ಣಿನ ಸಣ್ಣ ತಪ್ಪೂ ದೊಡ್ಡದಾಗುತ್ತದೆ. ಹೊಸಬರಿಗೆ, ಕೈಬಲ ಕಡಿಮೆ ಇರುವವರಿಗೆ ಚಿಕ್ಕದು ಸುಲಭ ಎಂಬುದು ಆದ್ದರಿಂದ ತಪ್ಪು ಕಲ್ಪನೆ. ಒಯ್ಯುವುದು ಸುಲಭ, ಹೊಡೆಯುವುದು ಕಷ್ಟ.

2014ರಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ನಿರ್ಭೀಕ್ ಎಂಬ .32 ಬೋರ್ ರಿವಾಲ್ವರ್ ತಂದಾಗ ಅದು ಹೆಣ್ಣುಮಕ್ಕಳ ಗನ್ ಎಂದು ಸುದ್ದಿಯಾಯಿತು. ತೂಕ ಸುಮಾರು 500 ಗ್ರಾಂ, ಆಗಿನ ಬೆಲೆ 1.22 ಲಕ್ಷ ರೂಪಾಯಿ. ಅದನ್ನು ಕೊಳ್ಳಲೂ ಲೈಸೆನ್ಸ್ ಬೇಕೇ ಬೇಕು. ಬೆಂಗಳೂರಿನಲ್ಲಿ ಅದಕ್ಕೆ ಅರ್ಜಿ ಹೋಗುವುದು ಪೊಲೀಸ್ ಕಮಿಷನರ್ ಹತ್ತಿರ; ಅವರ ಕಚೇರಿ ಇರುವುದು ಅದೇ ಹಳೆಯ ಇನ್‌ಫಂಟ್ರಿ ರಸ್ತೆಯಲ್ಲಿ. ಏಕೆ ಬೇಕು ಎಂದು ಹೇಳಬೇಕು, ಪೊಲೀಸ್ ವಿಚಾರಣೆ ಆಗಬೇಕು. 9 ಎಂಎಂ ಪಿಸ್ತೂಲು ಸಾಮಾನ್ಯರಿಗೆ ನಿಷಿದ್ಧ ಬೋರ್. ಲೈಸೆನ್ಸ್ ಇಲ್ಲದೆ ಗನ್ ಇಟ್ಟುಕೊಂಡರೆ 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಜೈಲು. ಲೈಸೆನ್ಸ್ ಇದ್ದವರೂ ಮದುವೆ, ಹಬ್ಬದಲ್ಲಿ ಜನರ ಜೀವಕ್ಕೆ ಅಪಾಯವಾಗುವಂತೆ ಗುಂಡು ಹಾರಿಸಿದರೆ, 2019ರ ತಿದ್ದುಪಡಿಯಂತೆ ಎರಡು ವರ್ಷದವರೆಗೆ ಜೈಲು, ಒಂದು ಲಕ್ಷದವರೆಗೆ ದಂಡ.

ಲೈಸೆನ್ಸ್ ಸಿಕ್ಕ ಮೇಲೂ ಒಂದು ಲೆಕ್ಕ ಇದೆ. 1993ರಲ್ಲಿ ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್‌ನಲ್ಲಿ ಬಂದ ಅಮೆರಿಕದ ಅಧ್ಯಯನದ ಪ್ರಕಾರ, ಗನ್ ಇರುವ ಮನೆಯಲ್ಲಿ ಮನೆಯೊಳಗೇ ಕೊಲೆಯಾಗುವ ಅಪಾಯ ಸುಮಾರು 2.7 ಪಟ್ಟು ಹೆಚ್ಚು. ಆ ಹೆಚ್ಚಿನ ಅಪಾಯ ಬಹುಪಾಲು ಮನೆಯವರಿಂದ, ಹತ್ತಿರದ ಪರಿಚಯದವರಿಂದ. ಅಮೆರಿಕದ ಪರಿಸ್ಥಿತಿ ನಮ್ಮದಲ್ಲ, ನಿಜ. ಆದರೆ ಸಿಟ್ಟು, ಕುಡಿತ, ಬೀರುವಿನ ಕೀಲಿ ಸಿಕ್ಕ ಮಗು ಎಲ್ಲ ಊರಲ್ಲೂ ಇರುತ್ತವೆ.

ಗನ್ ಇಲ್ಲದ ದಿನ

ಸುಡಾನ್‌ನಿಂದ ಬೆಂಗಳೂರಿಗೆ ವಾಪಸು ಬಂದ ಚರ್ಚಿಲ್ 1899ರ ಫೆಬ್ರವರಿಯಲ್ಲಿ ಜೋಧಪುರದಲ್ಲಿ ಮೆಟ್ಟಿಲಿಂದ ಬಿದ್ದು ಮತ್ತೆ ಭುಜ ಜಾರಿಸಿಕೊಂಡ. ಕೈ ಬಿಗಿದುಕೊಂಡೇ ಮೀರತ್‌ನಲ್ಲಿ ಪೋಲೋ ಪಂದ್ಯಾವಳಿ ಆಡಿದ. ಅವನ ದಳ ಗೆದ್ದಿತು. ಆಮೇಲೆ ಇಂಡಿಯಾ ಬಿಟ್ಟ.

ಅದೇ ವರ್ಷ ದಕ್ಷಿಣ ಆಫ್ರಿಕಾದ ಬೋಯರ್ ಯುದ್ಧಕ್ಕೆ ಪತ್ರಿಕೆಯ ವರದಿಗಾರನಾಗಿ ಹೋದ. ಮೌಸರ್ ಜೊತೆಗೇ ಇತ್ತು. ನವೆಂಬರ್ 15ರಂದು ಅವನಿದ್ದ ಸೈನಿಕ ರೈಲನ್ನು ಬೋಯರರು ಹಳಿ ತಪ್ಪಿಸಿದರು. ಗುಂಡಿನ ಮಳೆಯ ನಡುವೆ ಹಳಿ ತೆರವು ಮಾಡಿಸುವ ಗಡಿಬಿಡಿಯಲ್ಲಿ ಪಿಸ್ತೂಲನ್ನು ಕಳಚಿ ಎಂಜಿನ್‌ನಲ್ಲಿ ಇಟ್ಟ. ಗಾಯಾಳುಗಳನ್ನು ಹೊತ್ತು ಎಂಜಿನ್ ಹೊರಟಿತು. ಉಳಿದವರಿಗಾಗಿ ಅವನು ಇಳಿದ, ಪಿಸ್ತೂಲು ಎಂಜಿನ್ ಜೊತೆ ಹೋಯಿತು.

ಸ್ವಲ್ಪ ಹೊತ್ತಿನಲ್ಲಿ ಕುದುರೆಯ ಮೇಲಿನ ಬೋಯರ್ ಒಬ್ಬ ರೈಫಲ್ ಗುರಿಯಿಟ್ಟು ನಿಂತ. ಚರ್ಚಿಲ್ ಕೈ ಸೊಂಟಕ್ಕೆ ಹೋಯಿತು. ಅಲ್ಲಿ ಏನೂ ಇರಲಿಲ್ಲ. ಕೈ ಎತ್ತಿದ, ಸೆರೆಯಾದ.

ಇದ್ದಿದ್ದರೆ ತೆಗೆಯುತ್ತಿದ್ದ, ಅನುಮಾನವೇ ಇಲ್ಲ. ಗುರಿ ಹಿಡಿದ ರೈಫಲ್ ಎದುರು ಸೊಂಟದಿಂದ ಪಿಸ್ತೂಲು ತೆಗೆಯುವವನ ಗತಿ ಏನಾಗುತ್ತಿತ್ತು ಎಂದು ನೀವೇ ಊಹಿಸಿ. ಆಮೇಲೆ ತಾನು ವರದಿಗಾರ, ಬಿಟ್ಟುಬಿಡಿ ಎಂದು ಅವನು ಬೋಯರರಿಗೆ ಅರ್ಜಿ ಹಾಕಿದ. ಕೈಯಲ್ಲಿ ಪಿಸ್ತೂಲು ಹಿಡಿದು ಸಿಕ್ಕಿದ್ದರೆ ಆ ವಾದಕ್ಕೆ ಬೆಲೆಯೇ ಇರುತ್ತಿರಲಿಲ್ಲ. ಬಿಡುಗಡೆಯಂತೂ ಆಗಲಿಲ್ಲ. ಡಿಸೆಂಬರ್ 12ರಂದು ಪ್ರಿಟೋರಿಯಾದ ಸೆರೆಯಿಂದ ಗೋಡೆ ಹಾರಿ ತಪ್ಪಿಸಿಕೊಂಡ. ಆ ಸುದ್ದಿಯೇ ಅವನನ್ನು ಮನೆಮಾತು ಮಾಡಿತು. 1900ರಲ್ಲಿ ಪಾರ್ಲಿಮೆಂಟಿಗೆ ಆಯ್ಕೆಯಾದ.

ಮುಂದಿನದು ಪಠ್ಯಪುಸ್ತಕದಲ್ಲಿದೆ. 1940ರಲ್ಲಿ ಪ್ರಧಾನಿಯಾಗಿ ಹಿಟ್ಲರ್ ಎದುರು ನಿಂತ. 1943ರ ಬಂಗಾಳದ ಬರದಲ್ಲಿ ಲಕ್ಷಾಂತರ ಜನ ಹಸಿವಿನಿಂದ ಸತ್ತಾಗ ಅವನ ಸರ್ಕಾರ ನಡೆದುಕೊಂಡ ರೀತಿಯನ್ನು ನಮ್ಮವರು ಮರೆತಿಲ್ಲ, ಮರೆಯಬೇಕಾಗಿಯೂ ಇಲ್ಲ. ಇನ್ನು, ಸ್ವತಂತ್ರ ಭಾರತ ಕಳ್ಳಕಾಕರ ಕೈಗೆ ಹೋಗುತ್ತದೆ ಎಂದು ಅವನು ಭಾಷಣ ಮಾಡಿದ ಎಂದು ಪ್ರತಿ ಆಗಸ್ಟ್‌ನಲ್ಲಿ ಬರುವ ಫಾರ್ವರ್ಡ್‌ಗೆ ನಂಬುವಂಥ ದಾಖಲೆ ಸಿಕ್ಕಿಲ್ಲ. ಅದನ್ನು ಮುಂದಕ್ಕೆ ಕಳಿಸಬೇಡಿ.

1965ರ ಜನವರಿ 24ರಂದು, 90ನೇ ವಯಸ್ಸಿನಲ್ಲಿ ಸತ್ತ. ಪಿಸ್ತೂಲುಗಳು ಬದಲಾದವು, ಬೊಂಬಾಯಿಯ ಆ ಕಬ್ಬಿಣದ ಬಳೆ ಕೊಟ್ಟ ಭುಜ ಮಾತ್ರ ಬದಲಾಗಲಿಲ್ಲ. ಮಲಗುವಾಗ ಕೈ ತಲೆದಿಂಬಿನ ಕೆಳಗೆ ಹೋದರೆ, ಕಪಾಟಿನಿಂದ ಪುಸ್ತಕ ತೆಗೆದರೆ, ಈಜಿದರೆ ಅದಕ್ಕೆ ಜಾರುವ ಭಯ. ಒಮ್ಮೆ ಪಾರ್ಲಿಮೆಂಟಿನಲ್ಲಿ ಭಾಷಣದ ಆವೇಶಕ್ಕೆ ಕೈ ಜೋರಾಗಿ ಬೀಸಿದಾಗಲೂ ಅದು ಇನ್ನೇನು ಜಾರುವುದರಲ್ಲಿತ್ತು.