ಚರ್ಮದ ಜೊತೆ ರಕ್ತವನ್ನೂ ಸಾಗಿಸಿದ ವೈದ್ಯ ಹೆರಾಲ್ಡ್ ಗಿಲೀಸ್

1960ರ ಆಗಸ್ಟ್ 3ರಂದು ಇಂಗ್ಲೆಂಡಿನಲ್ಲಿ 78 ವರ್ಷದ ವೈದ್ಯರೊಬ್ಬರು 18ರ ಹರೆಯದ ಯುವತಿಯ ಜಖಂಗೊಂಡ ಕಾಲಿಗೆ ಶಸ್ತ್ರಚಿಕಿತ್ಸೆ ನಡೆಸುತ್ತಿದ್ದರು. ಆಗಲೇ ಅವರ ಮಿದುಳಿನ ರಕ್ತನಾಳವೊಂದರಲ್ಲಿ ರಕ್ತ ಹೆಪ್ಪುಗಟ್ಟಿತು. ಸೆಪ್ಟೆಂಬರ್ 10ರಂದು ಲಂಡನ್ನಿನಲ್ಲಿ ಅವರು ಕೊನೆಯುಸಿರೆಳೆದರು. ಅವರೇ ಸರ್ ಹೆರಾಲ್ಡ್ ಗಿಲೀಸ್. ಒಡೆದ ಮುಖಗಳನ್ನು ಮರಳಿ ಕಟ್ಟಿಕೊಟ್ಟವರೆಂದು ಅವರು ಪ್ರಸಿದ್ಧರು. ಆದರೆ ಸಕ್ಕರೆ ಕಾಯಿಲೆಯ ಹುಣ್ಣು ಮಾಯದೆ, ಕಾಲನ್ನೇ ಕಳೆದುಕೊಳ್ಳುವ ಭಯದಿಂದ ಆಸ್ಪತ್ರೆಗೆ ಬರುವ ಇಂದಿನ ರೋಗಿಗೂ ಅವರ ಕೆಲಸಕ್ಕೂ ನೇರ ನಂಟಿದೆ.

ಗಿಲೀಸ್ ಜನಿಸಿದ್ದು 1882ರ ಜೂನ್ 17ರಂದು, ನ್ಯೂಜಿಲೆಂಡಿನ ಡ್ಯುನೆಡಿನ್ ನಗರದಲ್ಲಿ. ಎಂಟು ಮಕ್ಕಳಲ್ಲಿ ಕಿರಿಯರು. ನಾಲ್ಕರ ವಯಸ್ಸಿನಲ್ಲಿ ತಂದೆಯನ್ನು ಕಳೆದುಕೊಂಡರು. ಬಾಲ್ಯದಲ್ಲಿ ಮುರಿದ ಮೊಣಕೈ ಕೊನೆಯವರೆಗೂ ಪೂರ್ತಿ ಚಾಚಲಿಲ್ಲ. ಆದರೂ ಕೇಂಬ್ರಿಜ್ ಪರವಾಗಿ 1904ರ ಪ್ರಖ್ಯಾತ ದೋಣಿ ಸ್ಪರ್ಧೆಯಲ್ಲಿ ಹುಟ್ಟು ಹಾಕಿದರು. ಗಾಲ್ಫ್‌ನಲ್ಲೂ ಹೆಸರು ಮಾಡಿದರು. ವೈದ್ಯ ಶಿಕ್ಷಣ ಮುಗಿಸಿ ಕಿವಿ, ಮೂಗು, ಗಂಟಲಿನ ತಜ್ಞರಾದರು. ಮಹಾಯುದ್ಧ ಬರದಿದ್ದರೆ ಲಂಡನ್ನಿನ ಸಿರಿವಂತರ ಗಂಟಲು ನೋಡುತ್ತಲೇ ಅವರ ಆಯುಷ್ಯ ಕಳೆಯುತ್ತಿತ್ತೇನೋ.

1915ರಲ್ಲಿ ಫ್ರಾನ್ಸಿಗೆ ತೆರಳಿದ ಅವರು ದವಡೆ ಜೋಡಿಸುವ ದಂತವೈದ್ಯ ವಲಾಡಿಯೆ ಅವರ ಕೆಲಸವನ್ನೂ ಪ್ಯಾರಿಸ್ಸಿನ ಶಸ್ತ್ರಚಿಕಿತ್ಸಕ ಮೊರೆಸ್ತ್ಯಾಂ ಅವರ ಕೌಶಲವನ್ನೂ ಕಂಡು ಬೆರಗಾದರು. ಮರಳಿದ ಮೇಲೆ ಆಲ್ಡರ್‌ಶಾಟ್‌ನ ಸೇನಾ ಆಸ್ಪತ್ರೆಯಲ್ಲಿ ಮುಖದ ಗಾಯಗಳಿಗೆಂದೇ ಪ್ರತ್ಯೇಕ ವಾರ್ಡು ತೆರೆಸಿದರು. ಗಾಯಾಳುಗಳು ಬೇರೆಡೆ ಹೋಗದಂತೆ ಸ್ವಂತ ಹಣದಲ್ಲಿ ವಿಳಾಸದ ಚೀಟಿಗಳನ್ನು ಕೊಂಡು ಯುದ್ಧರಂಗಕ್ಕೆ ಕಳುಹಿಸಿದರು. 1916ರ ಜುಲೈನಲ್ಲಿ ಸೋಮ್ ಕದನ ಆರಂಭವಾದಾಗ ನಿರೀಕ್ಷೆ ಇದ್ದದ್ದು 200 ಮಂದಿಯದು, ಬಂದವರು 2,000. 1917ರಲ್ಲಿ ಸಿಡ್‌ಕಪ್‌ನಲ್ಲಿ ಇದಕ್ಕೆಂದೇ ಕ್ವೀನ್ಸ್ ಆಸ್ಪತ್ರೆ ತೆರೆಯಿತು. ಅಲ್ಲಿ 5,000ಕ್ಕೂ ಹೆಚ್ಚು ಯೋಧರಿಗೆ 11,000ಕ್ಕೂ ಮಿಕ್ಕ ಶಸ್ತ್ರಚಿಕಿತ್ಸೆಗಳು ನಡೆದವು.

ದೇಹದ ಒಂದು ಕಡೆಯ ಚರ್ಮವನ್ನು ಮತ್ತೊಂದು ಕಡೆಗೆ ಸರಿಸುವುದು ಹೊಸ ವಿಚಾರವೇನೂ ಆಗಿರಲಿಲ್ಲ. ಹಣೆಯ ಚರ್ಮವನ್ನು ಇಳಿಸಿ ಮೂಗು ಕಟ್ಟುವ ಭಾರತೀಯ ವಿಧಾನವನ್ನು ಲಂಡನ್ನಿನ ಪತ್ರಿಕೆಯೊಂದು 1794ರಲ್ಲೇ ವರ್ಣಿಸಿತ್ತು. ಆ ವರದಿಯ ನಾಯಕ ಕೋವಾಸ್‌ಜಿ ನಮ್ಮ ಮೈಸೂರು ಯುದ್ಧದಲ್ಲಿ ಇಂಗ್ಲಿಷ್ ಸೈನ್ಯದ ಎತ್ತಿನ ಗಾಡಿ ಹೊಡೆಯುತ್ತಿದ್ದವನು. ಟಿಪ್ಪುವಿನ ಸೆರೆಯಲ್ಲಿ ಮೂಗು ಕಳೆದುಕೊಂಡ ಅವನಿಗೆ ಪುಣೆಯ ಕಡೆ ಹೊಸ ಮೂಗು ದೊರೆಯಿತೆಂಬುದು ವೃತ್ತಾಂತ. ಗಿಲೀಸ್ ಈ ವಿಧಾನವನ್ನೂ ಬಳಸಿದರು. ಆದರೆ ಮುಖವಿಡೀ ಸುಟ್ಟವನಿಗೆ ಹಣೆಯ ಚರ್ಮ ಎಲ್ಲಿಂದ ತರಬೇಕು?

1917ರ ಅಕ್ಟೋಬರ್‌ನಲ್ಲಿ ಉತ್ತರ ದೊರೆಯಿತು. ಜಟ್‌ಲ್ಯಾಂಡ್ ನೌಕಾ ಕದನದಲ್ಲಿ ಸುಟ್ಟ ನಾವಿಕ ವಿಕರೇಜ್‌ಗಾಗಿ ಎದೆಯ ಚರ್ಮವನ್ನು ಉದ್ದನೆಯ ಪಟ್ಟಿಯಾಗಿ ಬಿಡಿಸಿದಾಗ ಅದರ ಅಂಚುಗಳು ತಾವಾಗಿಯೇ ಒಳಕ್ಕೆ ಸುರುಳಿಗೊಂಡವು. ಗಿಲೀಸ್ ಅವನ್ನು ಕೊಳವೆಯಂತೆ ಹೊಲಿದುಬಿಟ್ಟರು. ತುದಿ ದೇಹಕ್ಕೆ ಅಂಟಿಕೊಂಡೇ ಇರುವುದರಿಂದ ಒಳಗೆ ರಕ್ತ ಹರಿಯುತ್ತದೆ. ಹಸಿ ಮಾಂಸ ಹೊರಗೆ ತೆರೆದಿಲ್ಲದ್ದರಿಂದ ಸೋಂಕು ತಗಲುವುದು ಕಡಿಮೆ. ಪೆನಿಸಿಲಿನ್ ಇಲ್ಲದ ಕಾಲದಲ್ಲಿ ಇದು ಸಣ್ಣ ಸಂಗತಿಯಲ್ಲ. ಒಡೆಸ್ಸಾದ ಫಿಲಾತೊವ್ ಇದೇ ಉಪಾಯವನ್ನು ಸ್ವಲ್ಪ ಮೊದಲೇ ಕಂಡುಕೊಂಡಿದ್ದರು. ಯುದ್ಧದ ಗದ್ದಲದಲ್ಲಿ ಒಬ್ಬರ ಸುದ್ದಿ ಇನ್ನೊಬ್ಬರಿಗೆ ತಲುಪಿರಲಿಲ್ಲ.

ಗೆಲುವಿನಷ್ಟೇ ಸೋಲೂ ಅವರಿಗೆ ಪಾಠ ಕಲಿಸಿತು. ವಿಮಾನ ಅಪಘಾತದಲ್ಲಿ ಸುಟ್ಟಿದ್ದ ರಾಲ್ಫ್ ಲಮ್ಲಿ ಎಂಬ ಯುವಕನ ಇಡೀ ಮುಖಕ್ಕೆ ಗಿಲೀಸ್ ಎದೆಯ ಚರ್ಮವನ್ನು ಒಂದೇ ಬಾರಿಗೆ ಹೊದಿಸಿದರು. ಚರ್ಮ ಕೊಳೆಯಿತು. 1918ರಲ್ಲಿ ಯುವಕ ತೀರಿಕೊಂಡ. ಅವಸರ ಮಾಡಿದ್ದಕ್ಕೆ ತಮ್ಮನ್ನೇ ದೂಷಿಸಿಕೊಂಡ ಗಿಲೀಸ್ ಅಂದಿನಿಂದ ನಾಳೆಗೆ ಮುಂದೂಡಬಹುದಾದ ಹಂತವನ್ನು ಇಂದೇ ಮುಗಿಸಬಾರದೆಂಬ ನಿಯಮ ಪಾಲಿಸಿದರು. ಅವರಿಗೆ ಸರ್ ಪದವಿ ದೊರೆತದ್ದು 1930ರಲ್ಲಿ, ಯುದ್ಧ ಮುಗಿದು 12 ವರ್ಷಗಳ ಮೇಲೆ! ಎರಡನೆಯ ಮಹಾಯುದ್ಧದಲ್ಲೂ ಅವರು ಗಾಯಾಳುಗಳ ಸೇವೆಗೆ ನಿಂತರು.

ಇನ್ನು ಕಾಲಿನ ಮಾತು. ಮೊಣಕಾಲಿನ ಕೆಳಗೆ ಮುಂಭಾಗದಲ್ಲಿ ಮೂಳೆಯ ಮೇಲಿರುವುದು ತೆಳುವಾದ ಚರ್ಮ ಮಾತ್ರ. ಹಿಂದೆ ಮೀನಖಂಡವಿದ್ದರೂ ಪಾದದತ್ತ ಇಳಿದಂತೆ ಮಾಂಸ ಕರಗಿ ಸ್ನಾಯುರಜ್ಜುಗಳಷ್ಟೇ ಉಳಿಯುತ್ತವೆ. ಹುಣ್ಣು ಆಳವಾಗಿ ಮೂಳೆ ಕಂಡರೆ ತೊಡೆಯಿಂದ ತೆಗೆದ ತೆಳು ಚರ್ಮ ಅಲ್ಲಿ ಹಿಡಿಯುವುದಿಲ್ಲ, ಏಕೆಂದರೆ ಅದು ಬದುಕಬೇಕಾದದ್ದು ಕೆಳಗಿನ ರಕ್ತದಿಂದಲೇ. ತನ್ನ ರಕ್ತವನ್ನು ತಾನೇ ತರುವ ದಪ್ಪ ಚರ್ಮ, ಅಂದರೆ ಫ್ಲ್ಯಾಪ್ ಬೇಕು. ಗಿಲೀಸರ ಕಾಲದಲ್ಲಿ ಹೊಟ್ಟೆಯ ಕೊಳವೆಯನ್ನು ಮೊದಲು ಮಣಿಕಟ್ಟಿಗೆ ಅಂಟಿಸಿ, ಅಲ್ಲಿಂದ ಕಾಲಿಗೆ ದಾಟಿಸುತ್ತಿದ್ದರು. ತಿಂಗಳುಗಟ್ಟಲೆ ಹಿಡಿಯುತ್ತಿತ್ತು. 1973ರಲ್ಲಿ ಮೆಲ್ಬರ್ನ್‌ನ ವೈದ್ಯರಾದ ಡೇನಿಯಲ್ ಮತ್ತು ಟೇಲರ್ ತೊಡೆಸಂದಿನ ಚರ್ಮವನ್ನು ರಕ್ತನಾಳ ಸಹಿತ ಕತ್ತರಿಸಿ ಕಾಲಿಗೆ ಸೇರಿಸಿ, ಸೂಕ್ಷ್ಮದರ್ಶಕದಡಿ ನಾಳಗಳನ್ನು ಹೊಲಿದರು. ತಿಂಗಳುಗಳ ಪ್ರಯಾಣ ಒಂದೇ ಶಸ್ತ್ರಚಿಕಿತ್ಸೆಗೆ ಇಳಿಯಿತು.

ಸಿಡ್‌ಕಪ್‌ನ ರೋಗಿಗಳು ಬಹುತೇಕ ಯುವಕರು, ನಾಳಗಳು ಗಟ್ಟಿಯಾಗಿದ್ದವು. ಮಧುಮೇಹಿಯ ಸ್ಥಿತಿ ಬೇರೆ. ಮೊಣಕಾಲಿನ ಕೆಳಗಿನ ಅಪಧಮನಿಗಳು ಕಿರಿದಾಗಿರುತ್ತವೆ, ನರಗಳು ಜಡವಾಗಿ ನೋವೇ ತಿಳಿಯುವುದಿಲ್ಲ. ಹಾಗಾಗಿ ಮೊದಲು ಕೊಳೆತ ಭಾಗ ತೆಗೆದು, ಸೋಂಕನ್ನೂ ಸಕ್ಕರೆಯನ್ನೂ ಹತೋಟಿಗೆ ತರುತ್ತಾರೆ. ಡಾಪ್ಲರ್ ಮತ್ತು ಆಂಜಿಯೋಗ್ರಫಿಯಲ್ಲಿ ಹರಿವು ಸಾಲದೆಂದು ಕಂಡರೆ ಬಲೂನ್ ಅಥವಾ ಬೈಪಾಸ್ ಮೂಲಕ ದಾರಿ ತೆರೆಯಲು ಯತ್ನಿಸುತ್ತಾರೆ. ಫ್ಲ್ಯಾಪ್ ಬರುವುದು ಅದಾದ ಮೇಲೆ. ಇದನ್ನು ಬರಿಯ ಚಂದಗಾಣಿಸುವ ವಿದ್ಯೆ ಎಂದುಕೊಂಡವರು ಇನ್ನೂ ಬಹಳ. ಕಾಲು ಉಳಿಸುವ ದಾರಿಯಿದೆಯೇ ಎಂದು ಕೇಳುವುದಕ್ಕೂ ಮೊದಲೇ ಕತ್ತರಿಸಲು ಒಪ್ಪಿಬಿಡುವ ಕುಟುಂಬಗಳೂ ಇವೆ. ಎಲ್ಲ ಕಾಲುಗಳೂ ಉಳಿಯುವುದಿಲ್ಲ, ನಿಜ. ಶಸ್ತ್ರಚಿಕಿತ್ಸೆಯ ನಂತರದ ಮೊದಲ ದಿನಗಳಲ್ಲಿ ದಾದಿಯರು ಆಗಾಗ ಬಂದು ಹೊಸ ಚರ್ಮದ ಬಣ್ಣ, ಬಿಸುಪು ನೋಡುತ್ತಾರೆ. ನೀಲಿಗಟ್ಟಿದರೆ ಅಥವಾ ಬಿಳಿಚಿಕೊಂಡರೆ ರೋಗಿಯನ್ನು ಕೂಡಲೇ ಮತ್ತೆ ಶಸ್ತ್ರಚಿಕಿತ್ಸೆಗೆ ಒಯ್ಯಬೇಕಾದೀತು.