ಕೀಲುನೋವಿಗೆ ಕಾರ್ಟಿಸೋನ್ ತಂದ ವೈದ್ಯ ಫಿಲಿಪ್ ಹೆಂಚ್

ಭುಜದ ಕೀಲು ಹಿಡಿದುಕೊಂಡು, ಕೈ ಮೇಲೆತ್ತಿ ತಲೆ ಬಾಚಲೂ ಆಗದೆ, ರಾತ್ರಿ ಆ ಮಗ್ಗುಲಿಗೆ ಹೊರಳಲೂ ಆಗದೆ ನರಳುವವರಿಗೆ ವೈದ್ಯರು ಕೆಲವೊಮ್ಮೆ ಸ್ಟಿರಾಯ್ಡ್ ಚುಚ್ಚುಮದ್ದನ್ನು ಕೀಲಿಗೇ ನೀಡುವುದುಂಟು. ಹಲವರಿಗೆ ಕೆಲವೇ ದಿನಗಳಲ್ಲಿ ನೋವು ಇಳಿಯುತ್ತದೆ. ಈ ಮದ್ದಿನ ಮೂಲವನ್ನು ಅರಸುತ್ತ ಹೋದರೆ ಅಮೆರಿಕದ ವೈದ್ಯ ಡಾ. ಫಿಲಿಪ್ ಶೋವಾಲ್ಟರ್ ಹೆಂಚ್ ಅವರ ಬದುಕು ಎದುರಾಗುತ್ತದೆ.

ಹೆಂಚ್ ಜನಿಸಿದ್ದು 1896ರ ಫೆಬ್ರವರಿ 28ರಂದು, ಪೆನ್ಸಿಲ್ವೇನಿಯ ರಾಜ್ಯದ ಪಿಟ್ಸ್‌ಬರ್ಗ್ ನಗರದಲ್ಲಿ. ಹುಟ್ಟಿನಿಂದಲೇ ಇದ್ದ ಸೀಳು ಅಂಗುಳದಿಂದಾಗಿ ಅವರ ಮಾತು ಸ್ಪಷ್ಟವಾಗಿರಲಿಲ್ಲ. ಈ ಕೊರತೆ ಅವರ ಓದಿಗಾಗಲಿ ವೃತ್ತಿಗಾಗಲಿ ಅಡ್ಡಿಯಾಗಲಿಲ್ಲ. 1920ರಲ್ಲಿ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯದಿಂದ ವೈದ್ಯಕೀಯ ಪದವಿ ಪಡೆದರು. ಮುಂದೆ ಮಿನೆಸೋಟ ರಾಜ್ಯದ ರೋಚೆಸ್ಟರ್‌ನಲ್ಲಿರುವ ಮೇಯೊ ಕ್ಲಿನಿಕ್ ಸೇರಿ, 1926ರಲ್ಲಿ ಅಲ್ಲಿನ ಸಂಧಿವಾತ ವಿಭಾಗದ ಮುಖ್ಯಸ್ಥರಾದರು.

ಸಂಧಿವಾತವೆಂದರೆ ವಾಸಿಯಾಗದ, ಬರಬರುತ್ತ ಉಲ್ಬಣಿಸುವ ರೋಗವೆಂಬ ನಂಬಿಕೆ ಆಗ ವೈದ್ಯರಲ್ಲಿ ಬೇರೂರಿತ್ತು. 1929ರ ಏಪ್ರಿಲ್ 1ರಂದು ಕಂಡ ಒಂದು ಸಂಗತಿ ಆ ನಂಬಿಕೆಯನ್ನು ಅಲುಗಾಡಿಸಿತು. ಸಂಧಿವಾತದಿಂದ ಬಳಲುತ್ತಿದ್ದ 65 ವರ್ಷದ ರೋಗಿಯೊಬ್ಬರು, ಸ್ವತಃ ವೈದ್ಯರು, ಕಾಮಾಲೆಗೆ ತುತ್ತಾಗಿದ್ದರು. ಕಾಮಾಲೆ ಬಂದೊಡನೆ ಕೀಲುಗಳ ನೋವು ಮಾಯವಾಗಿತ್ತು. ಕಾಮಾಲೆ ಹೋದ ಮೇಲೂ ತಿಂಗಳುಗಟ್ಟಲೆ ಮರಳಿರಲಿಲ್ಲ. ಗರ್ಭಿಣಿಯರಲ್ಲಿಯೂ ಇಂಥದೇ ಶಮನವನ್ನು ಹೆಂಚ್ ಗುರುತಿಸಿದರು. ಹಾಗಾದರೆ ರೋಗವನ್ನು ಹಿಮ್ಮೆಟ್ಟಿಸುವ ವಸ್ತುವೊಂದನ್ನು ದೇಹವೇ ಸ್ರವಿಸುತ್ತಿರಬೇಕೆಂದು ತರ್ಕಿಸಿ, ಆ ಅಜ್ಞಾತ ವಸ್ತುವಿಗೆ 'ಎಕ್ಸ್' ಎಂದು ಹೆಸರಿಟ್ಟರು.

ಅದೇ ಸಂಸ್ಥೆಯಲ್ಲಿ ರಸಾಯನಶಾಸ್ತ್ರಜ್ಞ ಎಡ್ವರ್ಡ್ ಕೆಂಡಾಲ್ ಅವರು ಮೂತ್ರಪಿಂಡಗಳ ನೆತ್ತಿಯ ಮೇಲಿರುವ ಅಡ್ರಿನಲ್ ಗ್ರಂಥಿಗಳ ರಸದಿಂದ ಹಲವು ಸಂಯುಕ್ತಗಳನ್ನು ಬೇರ್ಪಡಿಸಿದ್ದರು. ಅವುಗಳಲ್ಲಿ 'ಇ' ಎಂಬುದನ್ನು ಸಂಧಿವಾತದ ಮೇಲೆ ಪ್ರಯೋಗಿಸಬೇಕೆಂದು 1941ರಲ್ಲಿ ಇಬ್ಬರೂ ನಿಶ್ಚಯಿಸಿದರು. ಆದರೆ ಮದ್ದು ಸಾಕಷ್ಟು ಪ್ರಮಾಣದಲ್ಲಿ ದೊರೆಯುತ್ತಿರಲಿಲ್ಲ. ಅಷ್ಟರಲ್ಲಿ ಯುದ್ಧ ಬಂದು ಹೆಂಚ್ ಸೇನೆಯ ವೈದ್ಯಕೀಯ ಸೇವೆಗೆ ತೆರಳಿದರು. ಮರ್ಕ್ ಕಂಪನಿಯ ಲೂಯಿಸ್ ಸ್ಯಾರೆಟ್ ಅವರು ದನದ ಪಿತ್ತದಲ್ಲಿರುವ ಆಮ್ಲವನ್ನು ಹಂತಹಂತವಾಗಿ ಮಾರ್ಪಡಿಸಿ ಈ ಸಂಯುಕ್ತವನ್ನು ತಯಾರಿಸುವ ದಾರಿ ಕಂಡುಕೊಂಡ ಬಳಿಕವೇ ಕೆಲವು ಗ್ರಾಂ ಮದ್ದು ಹೆಂಚ್ ಅವರ ಕೈ ಸೇರಿತು.

1948ರ ಸೆಪ್ಟೆಂಬರ್ 21ರಂದು, ಕಾಯಿಲೆಯಿಂದ ಓಡಾಡಲಾಗದ ಸ್ಥಿತಿಗೆ ಬಂದಿದ್ದ 29 ವರ್ಷದ ಮಹಿಳೆಯೊಬ್ಬರಿಗೆ ಮೊದಲ ಚುಚ್ಚುಮದ್ದು ನೀಡಲಾಯಿತು. ದಿನಕ್ಕೆ 100 ಮಿಲಿಗ್ರಾಂನಂತೆ ಸ್ನಾಯುವಿಗೆ ಕೊಟ್ಟ ಮದ್ದು ಕೆಲವೇ ದಿನಗಳಲ್ಲಿ ಫಲ ತೋರಿತು. ಒಂದು ವಾರದೊಳಗೆ ಆಕೆ ಪೇಟೆಗೆ ನಡೆದು ಹೋಗಿ ಬಂದರು. ಸಹೋದ್ಯೋಗಿಗಳಾದ ಚಾರ್ಲ್ಸ್ ಸ್ಲೋಕಂಬ್ ಮತ್ತು ಹೊವಾರ್ಡ್ ಪೊಲ್ಲೆ ಅವರೊಂದಿಗೆ ಇನ್ನಷ್ಟು ರೋಗಿಗಳನ್ನು ಪರೀಕ್ಷಿಸಿ, 1949ರ ಏಪ್ರಿಲ್‌ನಲ್ಲಿ ಹೆಂಚ್ ಫಲಿತಾಂಶವನ್ನು ಪ್ರಕಟಿಸಿದರು. 'ಇ' ಜೀವಸತ್ವದೊಂದಿಗೆ ಗೊಂದಲವಾಗದಿರಲೆಂದು ಮದ್ದಿಗೆ ಕಾರ್ಟಿಸೋನ್ ಎಂಬ ಹೆಸರು ಬಂತು. 1950ರಲ್ಲಿ ಹೆಂಚ್, ಕೆಂಡಾಲ್ ಹಾಗೂ ಸ್ವಿಟ್ಜರ್ಲೆಂಡಿನ ತಾಡ್ಯೂಸ್ ರೈಖ್‌ಸ್ಟೈನ್ ಅವರಿಗೆ ನೊಬೆಲ್ ಪ್ರಶಸ್ತಿ ಸಂದಿತು.

ಪವಾಡವೆಂದು ಜಗತ್ತು ಕೊಂಡಾಡುತ್ತಿದ್ದಾಗ ಹೆಂಚ್ ಮಾತ್ರ ಮೈಮರೆಯಲಿಲ್ಲ. ಮದ್ದು ನಿಲ್ಲಿಸಿದರೆ ನೋವು ಮರಳುತ್ತಿತ್ತು. ದೀರ್ಘಕಾಲ ಕೊಟ್ಟವರಲ್ಲಿ ಮುಖ ಊದಿಕೊಂಡಿತು, ಮೂಳೆಗಳು ಸವೆದವು, ಮನಸ್ಸಿನ ಸ್ತಿಮಿತವೂ ತಪ್ಪಿತು. ಇದು ಉರಿಯೂತವನ್ನು ತಣಿಸುವ ಮದ್ದೇ ಹೊರತು ರೋಗವನ್ನು ಗುಣಪಡಿಸುವಂಥದ್ದಲ್ಲವೆಂದು ಅವರು ಆರಂಭದಿಂದಲೂ ಎಚ್ಚರಿಸಿದರು.

ಇಡೀ ದೇಹಕ್ಕೆ ಕೊಟ್ಟರೆ ಅಪಾಯ, ನೋಯುವ ಕೀಲಿಗಷ್ಟೇ ಕೊಟ್ಟರಾಗದೇ? ಈ ಪ್ರಶ್ನೆಗೆ 1951ರಲ್ಲಿ ಉತ್ತರಿಸಿದವರು ಫಿಲಡೆಲ್ಫಿಯದ ವೈದ್ಯ ಜೋಸೆಫ್ ಹಾಲಾಂಡರ್. ಕಾರ್ಟಿಸೋನ್ ಫಲ ನೀಡಬೇಕಾದರೆ ದೇಹದಲ್ಲಿ, ಮುಖ್ಯವಾಗಿ ಯಕೃತ್ತಿನಲ್ಲಿ, ಹೈಡ್ರೋಕಾರ್ಟಿಸೋನ್ ಆಗಿ ಮಾರ್ಪಡಬೇಕು. ಹಾಲಾಂಡರ್ ಆ ಹೈಡ್ರೋಕಾರ್ಟಿಸೋನನ್ನೇ ನೇರವಾಗಿ ಕೀಲಿನೊಳಗೆ ಚುಚ್ಚಿದರು. ಇಂದು ಭುಜಕ್ಕೆ ನೀಡುವ ಟ್ರಯಾಮ್ಸಿನೊಲೋನ್, ಮೀಥೈಲ್‌ಪ್ರೆಡ್ನಿಸೊಲೋನ್ ಮದ್ದುಗಳು ಇದೇ ವಂಶದವು.

1957ರಲ್ಲಿ ಮೇಯೊ ಕ್ಲಿನಿಕ್‌ನಿಂದ ನಿವೃತ್ತರಾದ ಹೆಂಚ್, ಹಳದಿ ಜ್ವರದ ಸಂಶೋಧನೆಯ ಇತಿಹಾಸಕ್ಕೆ ಸಂಬಂಧಿಸಿದ ದಾಖಲೆಗಳನ್ನು ಅಕ್ಕರೆಯಿಂದ ಸಂಗ್ರಹಿಸಿದ್ದರು. ಆ ಸಂಗ್ರಹ ವರ್ಜೀನಿಯ ವಿಶ್ವವಿದ್ಯಾಲಯದಲ್ಲಿದೆ. 1965ರ ಮಾರ್ಚ್ 30ರಂದು, ವಿಹಾರಕ್ಕೆಂದು ಹೋಗಿದ್ದ ಜಮೈಕದಲ್ಲಿ ನ್ಯುಮೋನಿಯಾದಿಂದ ನಿಧನರಾದರು.

ಅವರ ಎಚ್ಚರಿಕೆಯ ಮಾತಿಗೆ ಇಂದಿಗೂ ಬೆಲೆಯಿದೆ. ಭುಜದ ಚುಚ್ಚುಮದ್ದಿನಿಂದ ಸಿಗುವ ನೆಮ್ಮದಿ ಸಾಮಾನ್ಯವಾಗಿ ಕೆಲವು ವಾರ, ಹೆಚ್ಚೆಂದರೆ ಕೆಲವು ತಿಂಗಳುಗಳದ್ದು. ಪದೇ ಪದೇ ಚುಚ್ಚಿಸಿಕೊಂಡರೆ ಸ್ನಾಯುರಜ್ಜುಗಳು ದುರ್ಬಲವಾಗಬಹುದು. ಮಧುಮೇಹಿಗಳಲ್ಲಿ ರಕ್ತದ ಸಕ್ಕರೆ ಕೆಲವು ದಿನ ಏರಬಹುದು. ನೋವು ತಗ್ಗಿದ ಆ ಅವಧಿಯನ್ನು ವೈದ್ಯರು ಹೇಳಿಕೊಟ್ಟ ವ್ಯಾಯಾಮಕ್ಕೆ ಬಳಸಿಕೊಂಡು ಭುಜವನ್ನು ಮತ್ತೆ ಆಡುವಂತೆ ಮಾಡಿಕೊಳ್ಳುವುದು ರೋಗಿಯ ಪಾಲಿನ ಕೆಲಸ. ಶಮನ ಬೇರೆ, ಗುಣ ಬೇರೆ ಎಂಬುದನ್ನು ನೊಬೆಲ್ ಪುರಸ್ಕಾರದ ಸಂಭ್ರಮದಲ್ಲಿಯೂ ಹೆಂಚ್ ಮರೆತಿರಲಿಲ್ಲ.